ಕಾರಣ ಕಾಣದ ಜ್ವರ ಮತ್ತು ಮಗುವಿನ ಮೂತ್ರಪರೀಕ್ಷೆ: ಪಾಲಕರಿಗೊಂದು ಕೈಪಿಡಿ

ಮಳೆಗಾಲ ಶುರುವಾಯಿತೆಂದರೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಮಗುವಿಗೆ ಜ್ವರ ಬಂದೊಡನೆ ಮನೆಯವರ ಮನಸ್ಸು ಡೆಂಗಿಯ ಕಡೆಗೆ ಓಡುತ್ತದೆ. ಇಲಿಜ್ವರ, ಮಲೇರಿಯಾಗಳ ಭಯವೂ ಅದರ ಬೆನ್ನಿಗೇ ಇರುತ್ತದೆ. ಬೇಸಿಗೆಯಲ್ಲಿ ಕಾಡಂಚಿನ ಊರುಗಳಿಗೆ ಮಂಗನ ಕಾಯಿಲೆಯ ಆತಂಕ. ಈ ಭಯಗಳು ನ್ಯಾಯವಾದವೇ. ಆದರೆ ಇವುಗಳಿಂದಾಗಿ ರಕ್ತಪರೀಕ್ಷೆ ಬೇಗ ಆಗಿ, ಮೂತ್ರಪರೀಕ್ಷೆ ಹಿಂದೆ ಬೀಳುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ನೆಗಡಿ, ಕೆಮ್ಮು, ಭೇದಿ, ಕಿವಿನೋವು ಯಾವುದೂ ಇಲ್ಲದೆ ಬರಿಯ ಜ್ವರ ಬಂದಿದ್ದರೆ, ಅಂಥ ನೂರು ಮಕ್ಕಳಲ್ಲಿ ಸುಮಾರು ಐದರಿಂದ ಏಳು ಮಕ್ಕಳಿಗೆ ಇರುವುದು ಮೂತ್ರನಾಳದ ಸೋಂಕು.

ಆದ್ದರಿಂದ ಪಾಲಕರು ನೆನಪಿಡಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಕಾಣದ ಜ್ವರವಿರುವ ಮಗುವಿಗೆ ಆಂಟಿಬಯಾಟಿಕ್ ಕೊಡುವ ಮೊದಲು ಮೂತ್ರವನ್ನು ಶುದ್ಧವಾಗಿ ಹಿಡಿದು ಸಾಮಾನ್ಯ ಪರೀಕ್ಷೆಗೂ, ಲ್ಯಾಬಿನಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಕೊಡಬೇಕು. ಆಂಟಿಬಯಾಟಿಕ್‌ನ ಒಂದೆರಡು ಡೋಸ್ ಹೊಟ್ಟೆಗೆ ಹೋದರೂ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ ಬೆಳೆಯದೆ ಹೋಗಬಹುದು. ಆಮೇಲೆ ಮಗುವಿಗೆ ಸೋಂಕು ಇತ್ತೇ, ಯಾವ ರೋಗಾಣುವಿನಿಂದ ಬಂದಿತ್ತು, ಯಾವ ಔಷಧಕ್ಕೆ ಅದು ಬಗ್ಗುತ್ತಿತ್ತು ಎಂಬುದನ್ನು ತಿಳಿಯಲು ದಾರಿಯೇ ಉಳಿಯುವುದಿಲ್ಲ.

ಈ ಸೋಂಕಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಕಿಡ್ನಿ. ಕೆಳಗಿನ ಮೂತ್ರಕೋಶದಲ್ಲಷ್ಟೇ ಇರುವ ಸೋಂಕು ಉರಿ, ನೋವು ಕೊಟ್ಟು ವಾಸಿಯಾಗುತ್ತದೆ. ಜ್ವರ ಬಂದಿದೆಯೆಂದರೆ ಸೋಂಕು ಕಿಡ್ನಿಗೆ ಏರಿರುವ ಸಾಧ್ಯತೆ ಹೆಚ್ಚು. ಜ್ವರಸಹಿತ ಮೊದಲ ಸೋಂಕಿನ ನಂತರ ನೂರರಲ್ಲಿ ಸುಮಾರು ಹದಿನೈದು ಮಕ್ಕಳ ಕಿಡ್ನಿಯಲ್ಲಿ ಕಲೆ ಉಳಿಯುತ್ತದೆ. ಚಿಕಿತ್ಸೆ ಎರಡು ಮೂರು ದಿನ ತಡವಾದರೆ ಈ ಅಪಾಯ ಏರುತ್ತದೆ. ಕಲೆ ದೊಡ್ಡದಿದ್ದರೆ ಅಥವಾ ಎರಡೂ ಕಿಡ್ನಿಗಳಲ್ಲಿದ್ದರೆ ಮುಂದೆ ರಕ್ತದೊತ್ತಡವೂ ಕಿಡ್ನಿಯ ದುರ್ಬಲತೆಯೂ ಬರಬಹುದು.

ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಲ ಸೋಂಕು ತರುವುದು ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಗುದದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ ಬಂದು ಮೇಲೇರುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಗಂಡುಕೂಸುಗಳಲ್ಲಿ ಹೆಚ್ಚು, ವರ್ಷ ದಾಟಿದ ಮೇಲೆ ಹೆಣ್ಣುಮಕ್ಕಳಲ್ಲಿ ಹೆಚ್ಚು. ಏಳು ವರ್ಷ ತುಂಬುವಷ್ಟರಲ್ಲಿ ನೂರು ಹುಡುಗಿಯರಲ್ಲಿ ಸುಮಾರು ಎಂಟು ಮಂದಿಗೆ, ನೂರು ಹುಡುಗರಲ್ಲಿ ಸುಮಾರು ಇಬ್ಬರಿಗೆ ಒಮ್ಮೆಯಾದರೂ ಇದು ಬಂದಿರುತ್ತದೆ.

ಯಾವಾಗ ಅನುಮಾನಿಸಬೇಕು

ಕೂಸು ತನಗೆ ಉರಿಯುತ್ತದೆ ಎಂದು ಹೇಳಲಾರದು. ಅದಕ್ಕೆ ಜ್ವರ ಬರುತ್ತದೆ, ವಾಂತಿಯಾಗುತ್ತದೆ, ಹಾಲು ಬೇಡವಾಗುತ್ತದೆ, ಕಾರಣವಿಲ್ಲದೆ ಅಳು ಹೆಚ್ಚುತ್ತದೆ. ಕೆಲವೊಮ್ಮೆ ತೂಕ ಏರುವುದಿಲ್ಲ, ಹುಟ್ಟಿದಾಗಿನ ಕಾಮಾಲೆ ಎರಡು ವಾರ ಕಳೆದರೂ ಇಳಿಯುವುದಿಲ್ಲ. ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಹಲ್ಲು ಬರುವ ಜ್ವರ ಎನ್ನುವುದು, ದೃಷ್ಟಿ ತೆಗೆಯುವುದು ರೂಢಿ. ದೃಷ್ಟಿ ತೆಗೆದರೆ ಮಗುವಿಗೆ ಕೆಡುಕಿಲ್ಲ, ಆದರೆ ಅದರ ನಂಬಿಕೆಯ ಮೇಲೆ ಎರಡು ದಿನ ಕಾಯುವುದು ಕೆಡುಕು. ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗಬಹುದೇ ಹೊರತು 102 ಡಿಗ್ರಿ ಜ್ವರ ಬರುವುದಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಹಗಲಾಗಲಿ ರಾತ್ರಿಯಾಗಲಿ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಜ್ವರದ ಡ್ರಾಪ್ಸ್ ಹಾಕಿ ಬೆಳಗಾಗಲೆಂದು ಕಾಯುವಂತಿಲ್ಲ.

ಮಾತು ಬಲ್ಲ ಮಕ್ಕಳಲ್ಲಿ ಗುರುತು ಸುಲಭ. ಉಚ್ಚೆ ಹೊಯ್ಯುವಾಗ ಅಳು, ಹತ್ತು ಹತ್ತು ನಿಮಿಷಕ್ಕೆ ಒಂದಕ್ಕೆ ಓಡುವುದು, ಓಡಿದರೂ ಹನಿಯಷ್ಟೇ ಬರುವುದು, ಕಿಬ್ಬೊಟ್ಟೆಯ ನೋವು, ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುವುದು, ಇವೆಲ್ಲ ಮೂತ್ರಕೋಶದ ಸೋಂಕಿನ ಸೂಚನೆಗಳು. ಇವುಗಳ ಜೊತೆಗೆ ಚಳಿಜ್ವರ, ವಾಂತಿ, ಸೊಂಟದ ಮೇಲ್ಭಾಗದಲ್ಲಿ ಒಂದು ಬದಿಗೆ ನೋವು ಇದ್ದರೆ ಕಿಡ್ನಿಯ ಸೋಂಕೆಂದೇ ಎಣಿಸಿ ಅಂದೇ ಡಾಕ್ಟರಿಗೆ ತೋರಿಸಬೇಕು. ಮೂತ್ರದ ವಾಸನೆ ಒಂದನ್ನೇ ನೋಡಿ ನಿರ್ಧರಿಸಲಾಗದು. ನೀರು ಕಡಿಮೆಯಾದರೂ ವಾಸನೆ ಬರುತ್ತದೆ.

ಉರಿಯಿರುವುದೆಲ್ಲ ಸೋಂಕೂ ಅಲ್ಲ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಬೆವರಿ ನೀರು ಕುಡಿಯದ ಮಗುವಿನ ಮೂತ್ರ ಗಾಢವಾಗಿ ಉರಿಯುತ್ತದೆ. ಇದನ್ನೇ ನಾವು ಉಷ್ಣ ಆಗಿದೆ ಎನ್ನುವುದು. ಸಮುದ್ರದಲ್ಲಿ ಆಡಿ ಮರಳು ತುಂಬಿದ ಒದ್ದೆ ಚಡ್ಡಿಯಲ್ಲೇ ಸಂಜೆಯವರೆಗೆ ಇದ್ದ ಹುಡುಗಿಗೆ ಹೊರಗಿನ ಚರ್ಮ ಕೆಂಪಾಗಿ ಉರಿಯಬಹುದು. ಜಂತುಹುಳದ ತುರಿಕೆ, ಘಾಟು ಸಾಬೂನು ಸಹ ಇದನ್ನೇ ಮಾಡುತ್ತವೆ. ಮಗು ಪದೇ ಪದೇ ಮೂತ್ರಕ್ಕೆ ಹೋಗುತ್ತ, ಪ್ರತಿ ಸಲವೂ ಬಹಳ ಹೊಯ್ಯುತ್ತ, ವಿಪರೀತ ನೀರು ಕುಡಿದೂ ಸೊರಗುತ್ತಿದ್ದರೆ ತಡಮಾಡದೆ ಸಕ್ಕರೆಯ ಪರೀಕ್ಷೆ ಮಾಡಿಸಬೇಕು. ಮಳೆಗಾಲದಲ್ಲಿ ಮೈಮೇಲೆ ಕಜ್ಜಿ, ಕುರು ಎದ್ದು ಎರಡು ಮೂರು ವಾರಗಳ ಮೇಲೆ ಮುಖ ಊದಿಕೊಂಡು, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಬೇರೆಯೇ ಕಿಡ್ನಿ ಕಾಯಿಲೆ. ಅದಕ್ಕೂ ಅದೇ ದಿನ ಆಸ್ಪತ್ರೆ ಬೇಕು.

ಮೂತ್ರ ಹಿಡಿಯುವುದು

ರೋಗನಿರ್ಣಯದ ಅರ್ಧ ಭಾಗ ಇಲ್ಲಿಯೇ ನಡೆಯುತ್ತದೆ, ಆದರೂ ಈ ಕೆಲಸವನ್ನು ಕಲಿಸಿಕೊಡುವವರು ಕಡಿಮೆ. ಲ್ಯಾಬಿನವರು ಡಬ್ಬಿ ಕೈಗಿಟ್ಟು ತುಂಬಿಸಿ ತನ್ನಿ ಎಂದು ಹೇಳುವಲ್ಲಿಗೆ ಮುಗಿಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೇಳಿದ ಮಾತು ಕೇಳುವ ವಯಸ್ಸಿನ ಮಗುವಾದರೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಏಕೆಂದರೆ ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತ ಮೂತ್ರದಲ್ಲಿ ಸೋಂಕಿನ ಗುರುತು ಸ್ಪಷ್ಟವಾಗಿರುತ್ತದೆ. ಆದರೆ ಮಗುವಿಗೆ ಜ್ವರ ಏರಿದ್ದರೆ ಬೆಳಗಿಗಾಗಿ ಕಾಯಬಾರದು, ಸಿಕ್ಕ ಹೊತ್ತಿನದ್ದೇ ಸಾಕು. ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಮಗುವಿನ ಜಾಗವನ್ನು ಬರಿಯ ನೀರಿನಿಂದ ತೊಳೆಯಿರಿ, ಡೆಟಾಲ್ ಹಾಕಬೇಡಿ. ಹುಡುಗಿಯಾದರೆ ಕಾಲುಗಳನ್ನು ಚೆನ್ನಾಗಿ ಅಗಲಿಸಿ ಕೂರಿಸಿ, ಎರಡು ಬೆರಳಿನಿಂದ ತುಟಿಗಳನ್ನು ಬಿಡಿಸಿ ಹಿಡಿಯಬೇಕು. ಹುಡುಗನಾದರೆ ಮುಂದೊಗಲು ತಾನಾಗಿ ಎಷ್ಟು ಹಿಂದಕ್ಕೆ ಸರಿಯುತ್ತದೆಯೋ ಅಷ್ಟೇ ಸರಿಸಬೇಕು, ಬಲವಂತ ಕೂಡದು. ಮೊದಲು ಬರುವ ಧಾರೆಯನ್ನು ನೆಲಕ್ಕೆ ಬಿಟ್ಟು, ನಡುವೆ ಬರುವುದನ್ನು ಲ್ಯಾಬ್ ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ. ಡಬ್ಬಿಯ ಒಳಮೈಗಾಗಲಿ ಅಂಚಿಗಾಗಲಿ ಬೆರಳು, ಚರ್ಮ, ಬಟ್ಟೆ ತಾಗಬಾರದು. ಹತ್ತು ಮಿಲಿಲೀಟರ್ ಧಾರಾಳವಾಯಿತು.

ಕೂಸುಗಳಿಗೆ ಇಬ್ಬರು ಬೇಕು. ಹಾಲು ಕುಡಿಸಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಟ್ಟು, ಜಾಗ ತೊಳೆದು, ಒಬ್ಬರು ಕೂಸಿನ ಕಂಕುಳಡಿ ಕೈಹಾಕಿ ಕಾಲು ಇಳಿಬಿಟ್ಟಂತೆ ಎತ್ತಿ ಹಿಡಿಯಬೇಕು. ಇನ್ನೊಬ್ಬರು ಡಬ್ಬಿಯ ಮುಚ್ಚಳ ತೆಗೆದು ಸಿದ್ಧವಾಗಿಟ್ಟುಕೊಂಡು, ಹೊಕ್ಕುಳಿನ ಕೆಳಗೆ ಮೂತ್ರಕೋಶದ ಮೇಲೆ ಬೆರಳ ತುದಿಯಿಂದ ಅರ್ಧ ನಿಮಿಷ ಬೇಗಬೇಗ ಮೆತ್ತಗೆ ತಟ್ಟಬೇಕು, ಆಮೇಲೆ ಸೊಂಟದ ಹಿಂಭಾಗದಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳಿನಿಂದ ಅರ್ಧ ನಿಮಿಷ ಹಗುರಾಗಿ ಉಜ್ಜಬೇಕು. ಹೀಗೆ ಒಂದಾದ ಮೇಲೊಂದರಂತೆ ಐದು ನಿಮಿಷ ಮಾಡಿದರೆ ಎಳೆಗೂಸುಗಳು ಬಹಳ ಸಲ ಉಚ್ಚೆ ಹೊಯ್ಯುತ್ತವೆ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಒರೆಸಿದರೂ ಆಗುತ್ತದೆ. ಧಾರೆ ಗಾಳಿಯಲ್ಲಿರುವಾಗಲೇ ಡಬ್ಬಿಗೆ ಬೀಳಬೇಕು. ಡೈಪರ್ ಹಿಂಡಿ ತೆಗೆದ ಮೂತ್ರ, ಪಾಟಿಯಿಂದ ಬಸಿದ ಮೂತ್ರ ಕಲ್ಚರ್‌ಗೆ ಪ್ರಯೋಜನವಿಲ್ಲ.

ಚರ್ಮಕ್ಕೆ ಅಂಟಿಸುವ ಪ್ಲಾಸ್ಟಿಕ್ ಚೀಲದ ವಿಷಯದಲ್ಲಿ ಎಚ್ಚರ ಬೇಕು. ಅದರಲ್ಲಿ ಸಂಗ್ರಹವಾದ ಮೂತ್ರದಲ್ಲಿ ಏನೂ ಇಲ್ಲವೆಂದು ಬಂದರೆ ನಂಬಬಹುದು. ಬ್ಯಾಕ್ಟೀರಿಯಾ ಇದೆಯೆಂದು ಬಂದರೆ ಅದು ಚರ್ಮದ್ದೂ ಆಗಿರಬಹುದು. ಕೂಸು ಸೊರಗಿದ್ದು ಕೂಡಲೇ ಔಷಧ ಬೇಕೆಂದಾದರೆ ಡಾಕ್ಟರು ಸಣ್ಣ ಕೆಥೆಟರ್ ಹಾಕಿ ಮೂತ್ರ ತೆಗೆಯೋಣ ಎನ್ನುತ್ತಾರೆ. ಪೈಪ್ ಹಾಕುವುದು ಎಂದ ಕೂಡಲೇ ಅಜ್ಜ, ಅಜ್ಜಿಯರು ಬೇಡವೆನ್ನುವುದು ಸಹಜ. ಇದು ಒಂದೆರಡು ನಿಮಿಷದ ಕೆಲಸ, ಮೂತ್ರ ಬಂದೊಡನೆ ಪೈಪ್ ತೆಗೆಯುತ್ತಾರೆ, ಕೂಸು ಆ ಹೊತ್ತಿಗೆ ಅಳುತ್ತದೆ, ಅಷ್ಟೆ. ಒಪ್ಪಿಗೆ ಕೊಡಿ ಎಂಬುದೇ ನನ್ನ ಸ್ಪಷ್ಟ ಸಲಹೆ.

ಹಿಡಿದ ಮೂತ್ರ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಅನುಕೂಲದ ವಾತಾವರಣದಲ್ಲಿ ಇ. ಕೋಲಿ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಅಂಗಿಯ ಜೇಬಿನಲ್ಲಿ ಕುಳಿತ ಡಬ್ಬಿ, ಇಲ್ಲದ ಸೋಂಕನ್ನು ತೋರಿಸಬಲ್ಲದು. ಜೋಯಿಡಾದ ಒಳಹಳ್ಳಿಗಳಿಂದಲೋ ಸಿದ್ದಾಪುರದ ಮೂಲೆಯಿಂದಲೋ ಬಸ್ಸಿನಲ್ಲಿ ಬರುವವರಿಗೆ ಒಂದು ಗಂಟೆ ಸಾಲದು. ಅಂಥವರು ಸಾಧ್ಯವಾದರೆ ಮಗುವನ್ನೇ ಕರೆತಂದು ಆಸ್ಪತ್ರೆಯಲ್ಲೇ ಮೂತ್ರ ಕೊಡಬೇಕು. ಆಗದಿದ್ದರೆ ಡಬ್ಬಿಯ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಹಾಕಿದ ಥರ್ಮಸ್ ಒಳಗಿಟ್ಟು ತರಬೇಕು. ಕರಾವಳಿಯಲ್ಲಿ ಮೀನುಪೇಟೆಯ ಐಸ್ ಆದರೂ ನಡೆಯುತ್ತದೆ, ನೀರು ಡಬ್ಬಿಯೊಳಗೆ ಹೋಗದಿದ್ದರಾಯಿತು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟ ಮೂತ್ರವನ್ನು 24 ಗಂಟೆಯವರೆಗೆ ಕಲ್ಚರ್ ಮಾಡಬಹುದು. ಫ್ರೀಜರ್‌ನಲ್ಲಿ ಇಡಬಾರದು. ಡಬ್ಬಿಯ ಮೇಲೆ ಮಗುವಿನ ಹೆಸರಿನ ಜೊತೆ ಹಿಡಿದ ಹೊತ್ತನ್ನೂ, ಹಿಡಿದ ರೀತಿಯನ್ನೂ ಬರೆಯಿರಿ.

ವರದಿಯನ್ನು ಓದುವಾಗ

ಅದೇ ದಿನ ಸಿಗುವ ಸಾಮಾನ್ಯ ಪರೀಕ್ಷೆಯಲ್ಲಿ ಪಸ್ ಸೆಲ್ಸ್ (ಕೀವಿನ ಕಣಗಳು) ಎಂಬ ಸಾಲು ಇರುತ್ತದೆ. ಅದು ಐದಕ್ಕಿಂತ ಹೆಚ್ಚಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ; ಆದರೆ ಬೇರೆ ಜ್ವರದಲ್ಲೂ ಪಸ್ ಸೆಲ್ಸ್ ಏರಬಹುದಾದ್ದರಿಂದ ಅದೊಂದೇ ಸಾಕ್ಷಿಯಲ್ಲ. ಎಪಿಥೀಲಿಯಲ್ ಸೆಲ್ಸ್ ಬಹಳವಿದ್ದರೆ ಮೂತ್ರಕ್ಕೆ ಚರ್ಮದ ಕಶ್ಮಲ ಸೇರಿದೆ ಎಂದು ತಿಳಿಯಬೇಕು. ಡಿಪ್‌ಸ್ಟಿಕ್ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದಾಗ, ಬ್ಯಾಕ್ಟೀರಿಯಾದಿಂದ ಉಂಟಾಗುವ ನೈಟ್ರೈಟ್ ಪಾಸಿಟಿವ್ ಬಂದರೆ ಸೋಂಕು ಬಹುಮಟ್ಟಿಗೆ ಖಚಿತ. ನೆಗೆಟಿವ್ ಬಂದರೆ ಹಾಗೆ ನಿಶ್ಚಿಂತರಾಗಲಾಗದು, ಏಕೆಂದರೆ ನೈಟ್ರೈಟ್ ಉಂಟಾಗಲು ಮೂತ್ರ ಒಳಗೆ ಸುಮಾರು ನಾಲ್ಕು ಗಂಟೆ ನಿಲ್ಲಬೇಕು, ಕೂಸುಗಳು ಅಷ್ಟು ಹೊತ್ತು ಹಿಡಿದಿಡುವುದಿಲ್ಲ.

ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ನಡುಧಾರೆಯ ಮೂತ್ರದಲ್ಲಿ ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು, ಕೆಥೆಟರ್‌ನಿಂದ ತೆಗೆದುದರಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಎನ್ನುವುದು ಬಹುಕಾಲದಿಂದ ಬಂದ ಅಳತೆ. ಲಕ್ಷಣಗಳು ಸ್ಪಷ್ಟವಿದ್ದರೆ ಇದಕ್ಕಿಂತ ಕಡಿಮೆ ಸಂಖ್ಯೆಯನ್ನೂ ಡಾಕ್ಟರು ಗಣನೆಗೆ ತೆಗೆದುಕೊಳ್ಳಬಹುದು. ಎರಡು ಮೂರು ಜಾತಿ ಬೆರೆತು ಬೆಳೆದಿದ್ದರೆ ಮೂತ್ರ ಹಿಡಿದದ್ದು ಸರಿಯಾಗಿಲ್ಲ ಎಂದರ್ಥ. ವರದಿಯ ಕೆಳಗೆ ಔಷಧಗಳ ಪಟ್ಟಿಯ ಎದುರು ಎಸ್ ಎಂದಿರುವುದು ಕೆಲಸ ಮಾಡುವ ಔಷಧ, ಆರ್ ಎಂದಿರುವುದು ಕೆಲಸ ಮಾಡದ್ದು. ಮಗುವಿಗೆ ಜ್ವರ, ಉರಿ ಏನೂ ಇಲ್ಲದೆ ಬೇರೆ ಕಾರಣಕ್ಕೆ ಮಾಡಿಸಿದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಡ.

ಔಷಧ ಮತ್ತು ಮನೆಯ ಆರೈಕೆ

ಜ್ವರವಿರುವ ಮಗುವಿಗೆ ಕಲ್ಚರ್ ವರದಿ ಬರುವವರೆಗೆ ಕಾಯುವುದಿಲ್ಲ. ಮೂತ್ರ ಹಿಡಿದಾದ ಮೇಲೆ ಡಾಕ್ಟರು ಅಂದಾಜಿನ ಮೇಲೆ ಆಂಟಿಬಯಾಟಿಕ್ ಶುರು ಮಾಡಿ, ವರದಿ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ. ಆದ್ದರಿಂದ ವರದಿಯನ್ನು ತಂದು ತೋರಿಸುವುದು ನಿಮ್ಮ ಕೆಲಸ. ಜ್ವರ ಇಳಿಯಿತೆಂದು ವರದಿಯನ್ನು ಲ್ಯಾಬಿನಲ್ಲೇ ಬಿಟ್ಟುಬಿಡುವವರು ಬಹಳ. ಮೂರು ತಿಂಗಳೊಳಗಿನ ಕೂಸಿಗೆ, ಎಡೆಬಿಡದೆ ವಾಂತಿ ಮಾಡುವ ಅಥವಾ ತೀರ ನಿತ್ರಾಣವಾದ ಮಗುವಿಗೆ ಅಡ್ಮಿಟ್ ಮಾಡಿ ಇಂಜೆಕ್ಷನ್ ಕೊಡಬೇಕಾಗುತ್ತದೆ. ಉಳಿದವರಿಗೆ ಬಾಯಿಂದ ಕೊಡುವ ಔಷಧ ಇಂಜೆಕ್ಷನ್‌ನಷ್ಟೇ ಫಲ ಕೊಡುತ್ತದೆ; ಸೂಜಿ ಹಾಕದ ಡಾಕ್ಟರು ಸರಿಯಿಲ್ಲ ಎಂಬ ಭಾವನೆಯನ್ನು ಬಿಡಬೇಕು. ಜ್ವರಸಹಿತ ಸೋಂಕಿಗೆ ಸಾಮಾನ್ಯವಾಗಿ 7ರಿಂದ 14 ದಿನ, ದೊಡ್ಡ ಮಕ್ಕಳ ಮೂತ್ರಕೋಶದ ಸೋಂಕಿಗೆ ಅದಕ್ಕಿಂತ ಕಡಿಮೆ ದಿನ ಔಷಧ ಬೇಕು. ಹಿಂದಿನ ಸಲದ್ದು ಉಳಿದಿದೆಯೆಂದು ಕೊಡುವುದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವುದು ಎರಡೂ ತಪ್ಪು. ನಮ್ಮ ದೇಶದಲ್ಲಿ ಔಷಧಕ್ಕೆ ಬಗ್ಗದ ಇ. ಕೋಲಿ ಈಗಾಗಲೇ ಸಾಕಷ್ಟಿದೆ.

ಪುಡಿರೂಪದ ಸಿರಪ್ಪನ್ನು ಕುದಿಸಿ ಆರಿಸಿದ ನೀರಿನಿಂದ ಗೆರೆಯವರೆಗೆ ಕಲಸಿ, ಪ್ರತಿ ಸಲವೂ ಅಲುಗಾಡಿಸಿ, ಅಡುಗೆಮನೆಯ ಚಮಚ ಬಿಟ್ಟು ಅಳತೆಯ ಸಿರಿಂಜ್‌ನಲ್ಲಿ ಕೊಡಿ. ಅಮಾಕ್ಸಿಸಿಲಿನ್–ಕ್ಲಾವುಲನೇಟ್‌ನಂಥ ಔಷಧವನ್ನು ಕಲಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರದ ಊರಿನವರು ಇದನ್ನು ಮೊದಲೇ ಹೇಳಿ, ಫ್ರಿಜ್ ಬೇಡದ ಔಷಧ ಬರೆಯಬಹುದೇ ಎಂದು ಕೇಳಬೇಕು.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಸಾಮಾನ್ಯವಾಗಿ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಬಾಟಲಿಯ ಮೇಲಿನ ಬರಹವನ್ನು ಓದಲೇಬೇಕು: ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ, 250ರ ಸಿರಪ್ಪಿನ ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇರುತ್ತದೆ. ಹತ್ತು ಕಿಲೋ ಮಗುವಿಗೆ ಅತಿ ಹೆಚ್ಚೆಂದರೆ ಡ್ರಾಪ್ಸ್ ಒಂದೂವರೆ ಮಿಲಿಲೀಟರ್ ಅಥವಾ ಆ ಸಿರಪ್ ಮೂರು ಮಿಲಿಲೀಟರ್. ವಾಂತಿಯಾಗಿ ನೀರು ಬತ್ತಿದ ಮಗುವಿಗೆ ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಡಾಕ್ಟರನ್ನು ಕೇಳದೆ ಕೊಡಬೇಡಿ. ಅವು ಕಿಡ್ನಿಗೆ ಭಾರ.

ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ, ಘಟ್ಟದ ಮೇಲಿನವರ ಮುರುಗಲು ಪಾನಕ, ಎಲ್ಲವೂ ನೀರಿನಂಶ ಕೊಡುತ್ತವೆ ಮತ್ತು ಮಗು ಇಷ್ಟಪಟ್ಟು ಕುಡಿಯುತ್ತದೆ, ಕೊಡಿ. ಬ್ಯಾಕ್ಟೀರಿಯಾವನ್ನು ಅವು ಕೊಲ್ಲುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಮಾತ್ರ. ಕಿಡ್ನಿ ದುರ್ಬಲವಿದೆ ಎಂದು ಗೊತ್ತಿರುವ ಮಗುವಿಗೆ ಎಳನೀರಿನ ಪೊಟ್ಯಾಸಿಯಂ ಅಪಾಯ ತರಬಹುದು, ಕೇಳಿಯೇ ಕೊಡಬೇಕು.

ಸರಿಯಾದ ಔಷಧ ಬಿದ್ದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ, ಔಷಧವೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಮಗು ಎಬ್ಬಿಸಿದರೂ ಮಂಕಾಗಿದ್ದರೆ, ಕೈಕಾಲು ತಣ್ಣಗಾದರೆ ಅಥವಾ ಫಿಟ್ಸ್ ಬಂದರೆ 108ಕ್ಕೆ ಕರೆಮಾಡಿ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಳೆಗೆ ರಸ್ತೆ ಯಾವಾಗ ನಿಲ್ಲುತ್ತದೆಂದು ಹೇಳಲಾಗದ ನಮ್ಮ ಜಿಲ್ಲೆಯಲ್ಲಿ, ಸಂಜೆಯ ಅನುಮಾನವನ್ನು ರಾತ್ರಿಗೆ ಮುಂದೂಡದೆ ಬೆಳಕಿರುವಾಗಲೇ ಹತ್ತಿರದ ದೊಡ್ಡ ಆಸ್ಪತ್ರೆ ತಲುಪುವುದು ಜಾಣತನ.

ಸೋಂಕು ವಾಸಿಯಾದ ಮೇಲೆ

ಜ್ವರಸಹಿತ ಮೊದಲ ಸೋಂಕು ಬಂದ ಚಿಕ್ಕ ಮಗುವಿಗೆ ಕಿಡ್ನಿ ಮತ್ತು ಮೂತ್ರಕೋಶದ ಸ್ಕ್ಯಾನಿಂಗ್ ಬೇಕು. ಹೊಟ್ಟೆಯ ಮೇಲೆ ಮಾಡುವ ಈ ಪರೀಕ್ಷೆಯಲ್ಲಿ ನೋವಿಲ್ಲ. ಇಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮೂತ್ರ ಕೋಶದಿಂದ ಕಿಡ್ನಿಯ ಕಡೆಗೆ ಹಿಂದಕ್ಕೆ ಹರಿಯುವ ತೊಂದರೆ ಇರುತ್ತದೆ. ಇದಕ್ಕೆ ಒಂದರಿಂದ ಐದು ದರ್ಜೆಗಳಿದ್ದು, ಕೆಳದರ್ಜೆಯದು ಬೆಳೆಯುತ್ತ ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹೆಚ್ಚುಕಡಿಮೆ ಕಂಡರೆ ಅಥವಾ ಸೋಂಕು ಮರುಕಳಿಸಿದರೆ ಮೂತ್ರಕೋಶಕ್ಕೆ ಬಣ್ಣದ ದ್ರವ ಬಿಟ್ಟು ಮಾಡುವ ಎಂಸಿಯು ಎಕ್ಸ್‌ರೇ, ಕಿಡ್ನಿಯ ಕಲೆ ನೋಡಲು ನಾಲ್ಕಾರು ತಿಂಗಳ ನಂತರ ಡಿಎಂಎಸ್‌ಎ ಸ್ಕ್ಯಾನ್ ಹೇಳುತ್ತಾರೆ. ಇಂಥ ಪರೀಕ್ಷೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡರೆ ಒಂದು ಪ್ರಯಾಣ ಉಳಿಯುತ್ತದೆ. ಬಸುರಿಯಲ್ಲಿ ಮಾಡಿಸಿದ ಸ್ಕ್ಯಾನಿಂಗ್ ವರದಿಗಳನ್ನೂ ತಾಯಿ ಕಾರ್ಡನ್ನೂ ಜೊತೆಗೆ ಒಯ್ಯಿರಿ. ಕಿಡ್ನಿ ಊದಿದ್ದರ ಗುರುತು ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಗಂಡುಕೂಸಿನ ಮೂತ್ರದ ಧಾರೆಯನ್ನು ಗಮನಿಸಿ. ಚಿಮ್ಮದೆ ತೊಟ್ಟಿಕ್ಕುತ್ತಿದ್ದರೆ, ಹೊಯ್ಯಲು ತಿಣುಕುತ್ತಿದ್ದರೆ ಮೂತ್ರದಾರಿಯಲ್ಲಿ ಹುಟ್ಟಿನಿಂದಲೇ ತಡೆ ಇರಬಹುದು, ಅದನ್ನು ಕೂಡಲೇ ತಜ್ಞರಿಗೆ ತೋರಿಸಬೇಕು.

ದಿನವೂ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಕೊಟ್ಟು ಮರುಸೋಂಕು ತಡೆಯುವ ಕ್ರಮದ ಬಗ್ಗೆ ಪಾಲಕರು ಕೇಳುತ್ತಾರೆ. ಹಿಮ್ಮುಖ ಹರಿವಿದ್ದ 607 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ರಿವರ್ ಅಧ್ಯಯನದಲ್ಲಿ ಇದರಿಂದ ಸೋಂಕು ಮರುಕಳಿಸುವುದು ಅರ್ಧಕ್ಕಿಳಿಯಿತು, ಆದರೆ ಕಿಡ್ನಿಯ ಕಲೆಗಳು ಕಡಿಮೆಯಾಗಲಿಲ್ಲ, ಬಂದ ಸೋಂಕುಗಳು ಔಷಧಕ್ಕೆ ಬಗ್ಗದವಾಗಿದ್ದುದು ಹೆಚ್ಚು. ಹಾಗಾಗಿ ಯಾರಿಗೆ ಬೇಕು ಎಂಬುದನ್ನು ಡಾಕ್ಟರು ಒಂದೊಂದು ಮಗುವಿನ ಸ್ಥಿತಿ ನೋಡಿ ನಿರ್ಧರಿಸುತ್ತಾರೆ.

ಮರುಸೋಂಕು ತಡೆಯಲು ಮನೆ, ಶಾಲೆಗಳಲ್ಲಿ ಮಾಡಬಹುದಾದದ್ದು ಬಹಳ ಇದೆ, ಅದರಲ್ಲಿ ಮಲಬದ್ಧತೆಯೇ ಮೊದಲನೆಯದು ಎಂದು ನಾನು ಭಾವಿಸುತ್ತೇನೆ. ಗಟ್ಟಿಯಾದ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಅದು ಪೂರ್ತಿ ಖಾಲಿಯಾಗುವುದಿಲ್ಲ, ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಸಳೆ, ಹರಿವೆ, ಪಪ್ಪಾಯಿ, ಬಾಳೆಹಣ್ಣು, ಸಾಕಷ್ಟು ನೀರು ಕೊಟ್ಟು, ದಿನವೂ ಊಟದ ನಂತರ ಐದು ನಿಮಿಷ ಎರಡಕ್ಕೆ ಕೂರಿಸುವ ಅಭ್ಯಾಸ ಮಾಡಿಸಿ. ಕಮೋಡ್ ಇದ್ದರೆ ಪಾದ ಊರಲು ಮಣೆಯಿಡಿ. ಇದರಿಂದಾಗದಿದ್ದರೆ ಡಾಕ್ಟರು ಮಲ ಸಡಿಲಿಸುವ ಔಷಧವನ್ನು ತಿಂಗಳುಗಟ್ಟಲೆ ಕೊಡಬೇಕಾಗಬಹುದು. ಹತ್ತು ಕಿಲೋ ಮಗುವಿಗೆ ದಿನಕ್ಕೆ ಹಾಲು, ಗಂಜಿ ಎಲ್ಲ ಸೇರಿ ಸುಮಾರು ಒಂದು ಲೀಟರ್, ಇಪ್ಪತ್ತು ಕಿಲೋ ಮಗುವಿಗೆ ಒಂದೂವರೆ ಲೀಟರ್ ದ್ರವ ಬೇಕು.

ಎರಡನೆಯದು ಹಿಡಿದಿಟ್ಟುಕೊಳ್ಳುವ ಅಭ್ಯಾಸ. ಐದು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 180 ಮಿಲಿಲೀಟರ್, ಒಂದು ಲೋಟದಷ್ಟು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕವಿಲ್ಲ ಎಂದು ಬೆಳಿಗ್ಗೆ ಬಸ್ಸು ಹತ್ತಿದ ಹುಡುಗಿ ಸಂಜೆ ಮನೆಗೆ ಬರುವವರೆಗೆ ನೀರನ್ನೇ ಕುಡಿಯದೆ ಕಳೆಯುತ್ತಾಳೆ. ಎರಡು ಮೂರು ಗಂಟೆಗೊಮ್ಮೆ ಅವಳನ್ನು ಕಳಿಸಬೇಕೆಂದು ತರಗತಿಯ ಶಿಕ್ಷಕರಿಗೆ ತಿಳಿಸಿ, ಪಾಲಕರ ಸಭೆಯಲ್ಲಿ ಚಿಲಕ ಮತ್ತು ನೀರಿನ ವಿಷಯವನ್ನು ಸಂಕೋಚವಿಲ್ಲದೆ ಎತ್ತಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ಕೈ ಹೋಗಬೇಕು, ಒದ್ದೆ ಡೈಪರ್ ಬೇಗ ಬದಲಿಸಬೇಕು, ಗಂಡುಮಕ್ಕಳ ಮುಂದೊಗಲನ್ನು ಎಣ್ಣೆ ಹಚ್ಚಿ ಎಳೆಯುವ ಪದ್ಧತಿಯನ್ನು ಬಿಡಬೇಕು.

ಮಗುವಿನ ಹೆಸರಿನಲ್ಲಿ ಒಂದು ಫೈಲ್ ಮಾಡಿ ಕಲ್ಚರ್ ವರದಿ, ಸ್ಕ್ಯಾನಿಂಗ್, ಕೊಟ್ಟ ಔಷಧದ ಚೀಟಿಗಳನ್ನು ದಿನಾಂಕವಾರು ಇಡಿ. ಮುಂದೆ ಯಾವಾಗ ಕಾರಣ ಕಾಣದ ಜ್ವರ ಬಂದರೂ, ಯಾವ ಊರಿನ ಡಾಕ್ಟರಾದರೂ, ಫೈಲ್ ತೋರಿಸಿ 48 ಗಂಟೆಯೊಳಗೆ ಮೂತ್ರಪರೀಕ್ಷೆ ಮಾಡಿಸಿ. ಕಿಡ್ನಿಯಲ್ಲಿ ಕಲೆ ಉಳಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಬೇಕು. ಅಂಥ ಹುಡುಗಿ ಮುಂದೆ ಬಸುರಿಯಾದಾಗ ರಕ್ತದೊತ್ತಡ ಏರುವ ಸಂಭವ ಹೆಚ್ಚಿರುವುದರಿಂದ, ಮದುವೆಯಾಗಿ ಬೇರೆ ಊರಿಗೆ ಹೋಗುವಾಗ ಆ ಫೈಲ್ ಅವಳ ಜೊತೆಗೇ ಹೋಗಬೇಕು.